ಮಯಾಮಿಗೆ ಏಳೂ ಇಪ್ಪತ್ತು

ನಮ್ಮ ಆಂಕರೇಜಿನ ಸರಕು ವಿಮಾನಗಳ ಕಚೇರಿಯಲ್ಲಿ ಲಿಡಿಯಾ ಮರ್ಕ್ಯುಲಿಫ್ ಇಪ್ಪತ್ತೆರಡು ವರ್ಷಗಳಿಂದ ದಾರಿ ಹಾಕುತ್ತಿದ್ದಾಳೆ. ಯಾವ ವಿಮಾನ ಎಲ್ಲಿಂದ ಹಾದು ಎಷ್ಟು ಹೊತ್ತಿಗೆ ತಲುಪಬೇಕು ಎಂಬುದು ಅವಳ ಲೆಕ್ಕ. ಆ ಲೆಕ್ಕದ ಹಾಳೆಗೆ ಪೈಲಟ್ ಸಹಿ ಹಾಕಬೇಕು, ಲಿಡಿಯಾಳೂ ಹಾಕಬೇಕು. ಎರಡರಲ್ಲಿ ಒಂದಿಲ್ಲದಿದ್ದರೂ ವಿಮಾನ ಹೊರಡುವಂತಿಲ್ಲ.

ಹೋದ ಫೆಬ್ರವರಿಯಲ್ಲಿ ಮಯಾಮಿಯ ವ್ಯಾಪಾರಿಯೊಬ್ಬ ಜೀವಂತ ಏಡಿಗಳನ್ನು ಕೇಳಿದ. ಹೊರಟ ಏಳೂವರೆ ಗಂಟೆಯೊಳಗೆ ತಲುಪಿಸಿದರೆ ವಾರಕ್ಕೊಂದು ವಿಮಾನದ ಒಪ್ಪಂದ. ತಪ್ಪಿದರೆ ಲಿಡಿಯಾಳ ಕೆಲಸವನ್ನು ಹೊರಗಿನವರಿಗೆ ಕೊಡುವುದಾಗಿ ಮಾಲೀಕ ಕ್ರೇಗ್ ಹೇಳಿಬಿಟ್ಟಿದ್ದ.

ಮೊದಲ ವಿಮಾನ ಹೊರಡುವ ದಿನ ಬೆಳಿಗ್ಗೆ ಅವಳ ಹಾಳೆ ನೋಡಿ ಅವನು ಸಿಡುಕಿದ. "ನೇರ ಹೋದ್ರೆ ನಾಲ್ಕು ಸಾವಿರ ಮೈಲಿ. ನೀವು ಇನ್ನೂರು ಮೈಲಿ ಸುತ್ತಿಸ್ತಿದ್ದೀರಲ್ಲ! ಊರು ತೋರಿಸೋಕೆ ಕರ್ಕೊಂಡು ಹೋಗ್ತಿದ್ದೀರಾ ಏಡಿಗಳನ್ನ?"

"ನೇರ ದಾರೀಲಿ ಎದುರುಗಾಳಿ ಇದೆ ಕ್ರೇಗ್, ಎಂಟು ಗಂಟೆ ಆಗುತ್ತೆ. ದಕ್ಷಿಣಕ್ಕೆ ಬಾಗಿದ್ರೆ ಗಾಳೀನೇ ಹಿಂದಿನಿಂದ ತಳ್ಳುತ್ತೆ. ಏಳೂ ಇಪ್ಪತ್ತು."

"ನಾನು ಹೇಳಿದ ದಾರಿಗೆ ಸಹಿ ಹಾಕಿ."

"ಹಾಕಲ್ಲ."

ಪೈಲಟ್ ಡ್ವೈಟ್ ಇಬ್ಬರ ಮುಖವನ್ನೂ ನೋಡಿದ. ಆಮೇಲೆ ಲಿಡಿಯಾಳ ಹಾಳೆಯನ್ನೇ ಎಳೆದುಕೊಂಡು ಸಹಿ ಹಾಕಿದ. "ಆಂಟಿ ಹಾಕಿದ ದಾರೀಲಿ ನಾನು ಒಂದ್ಸಲಾನೂ ಇಂಧನಕ್ಕೆ ಪರದಾಡಿಲ್ಲ, ಸಾರ್."

ವಿಮಾನ ಹೊರಟು ನಾಲ್ಕು ಗಂಟೆಯಾದಾಗ ಹದಿನಾಲ್ಕು ನಿಮಿಷ ತಡವಾಗಿತ್ತು. ಕ್ರೇಗ್ ಅವಳ ಕುರ್ಚಿಯ ಹಿಂದೆಯೇ ನಿಂತಿದ್ದ. ಉಪಗ್ರಹ ಫೋನಿನಲ್ಲಿ ಡ್ವೈಟನ ದನಿ ಬಂತು. "ಆಂಟಿ, ನಿಮ್ಮ ಗಾಳಿ ರಜೆ ಹಾಕಿದೆ ಅನ್ಸುತ್ತೆ."

ಲಿಡಿಯಾ ಹೊಸ ಗಾಳಿನಕ್ಷೆ ತೆರೆದಳು. ಸ್ವಲ್ಪ ಹೊತ್ತಿನ ಮುಂಚೆ ಅದೇ ಹಾದಿಯಲ್ಲಿ ಹೋದ ಎರಡು ವಿಮಾನಗಳ ವರದಿಗಳನ್ನು ಸಾಲುಸಾಲಾಗಿ ಓದಿದಳು. ಗಾಳಿ ಎಲ್ಲಿಗೂ ಹೋಗಿರಲಿಲ್ಲ, ತುಸು ಕೆಳಗಿಳಿದಿತ್ತು ಅಷ್ಟೆ.

"ಕೆಳಗಿನ ಮಹಡೀಲಿದೆ ಕಣೋ. ಕಂಟ್ರೋಲ್‌ನವರನ್ನ ಕೇಳಿ ಎರಡು ಸಾವಿರ ಅಡಿ ಇಳಿ."

"ಕೆಳಗೆ ಇಂಧನ ಜಾಸ್ತಿ ಕುಡಿಯುತ್ತಲ್ಲ!"

"ಅದನ್ನೂ ಲೆಕ್ಕ ಹಾಕಿದೀನಿ. ಮಯಾಮೀಲಿ ಇಳಿದ ಮೇಲೂ ಒಂದು ಗಂಟೆಗೆ ಆಗುವಷ್ಟು ಉಳಿಯುತ್ತೆ."

ಅವನು ಇಳಿದ. ಹತ್ತು ನಿಮಿಷದಲ್ಲಿ ಪರದೆಯ ಮೇಲಿನ ವೇಗ ಏರತೊಡಗಿತು. ಕ್ರೇಗ್ ಕುರ್ಚಿ ಎಳೆದುಕೊಂಡು ಕುಳಿತ.

ಹೊರಟ ಏಳು ಗಂಟೆ ಇಪ್ಪತ್ತಾರು ನಿಮಿಷಕ್ಕೆ ಚಕ್ರ ನೆಲ ಮುಟ್ಟಿತು. ಏಡಿಗಳೆಲ್ಲ ಕಾಲಾಡಿಸುತ್ತಿದ್ದವು.

"ಆರು ನಿಮಿಷ ತಪ್ಪಿದ್ರಿ ಆಂಟಿ!" ಎಂದು ಡ್ವೈಟ್ ಕೆಣಕಿದ.

"ನೀನು ಇಳಿಯೋಕೆ ಮೀನಮೇಷ ಎಣಿಸಿದ್ದಕ್ಕೆ ಆರು ನಿಮಿಷ," ಎಂದಳು ಲಿಡಿಯಾ.

ಸಂಜೆ ವ್ಯಾಪಾರಿಯ ಒಪ್ಪಿಗೆ ಬಂತು. ಅಷ್ಟರಲ್ಲಿ ಅವಳು ಮರುದಿನ ಹಿಂತಿರುಗುವ ದಾರಿಯನ್ನೂ ಹಾಕಿ ಮುಗಿಸಿದ್ದಳು. ಅದರಲ್ಲಿ ಒಂಬತ್ತೂವರೆ ಗಂಟೆ, ನಡುವೆ ಒಂದು ನಿಲುಗಡೆ ಎಂದಿತ್ತು.

"ದೂರ ಅಷ್ಟೇ ಅಲ್ವಾ..." ಎಂದು ಶುರುಮಾಡಿದ ಕ್ರೇಗ್ ಅರ್ಧಕ್ಕೇ ನಿಂತ. ಗಾಳಿನಕ್ಷೆಯಲ್ಲಿ ಎದುರುಗಾಳಿ ಕಂಡು ಕೇಳಿದ: "ಇಂಧನಕ್ಕೆ ಎಲ್ಲಿ ಇಳಿಸೋಣ ಅಂತೀರಿ?"