ತಾಳೆ ಎಂದರೆ ಕೆಳಗೆ

ಮೊನ್ನೆ ಕುಕ್ಕರಿನ ಹಳೆಯ ಗ್ಯಾಸ್ಕೆಟ್ಟನ್ನು ಬಿಸಿನೀರಿಗೆ ಹಾಕಿ ಮರೆತೆ. ಅದು ಕುದಿದು ಮನೆಯೆಲ್ಲ ರಬ್ಬರಿನ ವಾಸನೆ. ಒಲೆ ಆರಿಸಲು ಹೋದವಳಿಗೆ ಆ ಸಿಸ್ಟರ್ ನೆನಪಾದರು...

ಎಪ್ಪತ್ತರ ದಶಕದ ಮೊದಲ ವರ್ಷಗಳು. ಯಜಮಾನರಿಗೆ ವರ್ಗವಾಗಿ ಮೈಸೂರಿನಿಂದ ತಿರುವನಂತಪುರದ ಶ್ರೀಕಾರ್ಯಂಗೆ ಬಂದು ಎರಡು ತಿಂಗಳಾಗಿತ್ತು. ನಮ್ಮನ್ನು ನೋಡಲು ಬಂದ ಮಾವನವರಿಗೆ ಮೂತ್ರ ಕಟ್ಟಿಕೊಂಡಿತು. ಉಳ್ಳೂರಿನ ಹತ್ತಿರ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ರಬ್ಬರ್ ಕೊಳವೆ ಹಾಕಿ, ಇನ್ನೊಂದು ತುದಿಯನ್ನು ಮಂಚದ ಕೆಳಗಿನ ಗಾಜಿನ ಬಾಟಲಿಗೆ ಇಳಿಬಿಟ್ಟರು. ಅಂಥ ಕೊಳವೆಗಳನ್ನು ಅಲ್ಲಿನ ನರ್ಸ್ ಸಿಸ್ಟರ್ ದಿನಾ ಬೆಳಿಗ್ಗೆ ಕುದಿಸುತ್ತಿದ್ದರು. ಬಾಟಲಿ ಮುಟ್ಟುವ ಮೊದಲೂ ಆಮೇಲೂ ಕೈ ತೊಳೆಯುತ್ತಿದ್ದರು. ಟ್ಯೂಬ್ ಯಾವಾಗ ತೆಗೆಯುವುದೆಂದು ಡಾಕ್ಟರನ್ನು ದಿನವೂ ಕೇಳುತ್ತಿದ್ದರು. ನನಗೆ ಅದೆಲ್ಲ ಅತಿ ಎನಿಸುತ್ತಿತ್ತು.

ಮೂರನೆಯ ದಿನ ಯಜಮಾನರ ಆಫೀಸಿನವರು ನೋಡಲು ಬಂದರು. ನಿವೃತ್ತ ಹೆಡ್‌ಮಾಸ್ತರರಾದ ಮಾವನವರಿಗೆ ಸಂಕೋಚ. "ಅದನ್ನ ಯಾರ ಕಣ್ಣಿಗೂ ಬೀಳದ ಹಾಗೆ ಎತ್ತಿಡಮ್ಮ" ಅಂದರು. ಬಾಟಲಿಯನ್ನೆತ್ತಿ ಮಂಚದ ಮೇಲೆ ಅವರ ಪಕ್ಕದಲ್ಲಿಟ್ಟು ಹೊದಿಕೆ ಮುಚ್ಚಿದೆ. ವಾರ್ಡಿನ ಆ ತುದಿಯಲ್ಲಿ ಯಾರಿಗೋ ಬ್ಯಾಂಡೇಜ್ ಸುತ್ತುತ್ತಿದ್ದ ಸಿಸ್ಟರ್, "ತಾಳೆ, ಮೋಳೇ, ತಾಳೆ" ಎಂದು ಕೂಗಿದರು. ಮೋಳೇ ಎಂದರೆ ಮಗಳೇ ಎಂದಷ್ಟು ಗೊತ್ತಿತ್ತು. ಇನ್ನೊಂದು ಮಾತು ನನ್ನ ಕಿವಿಗೆ 'ತಾಳಿ' ಎಂದೇ ಬಿತ್ತು. ಬಂದವರು ಹೋಗುವ ತನಕ ತಾಳು ಅನ್ನುತ್ತಿದ್ದಾರೆಂದು ಹಾಗೇ ಬಿಟ್ಟೆ. ಕೊನೆಗೆ ಅವರೇ ಬಂದು ಬಾಟಲಿಯನ್ನು ನೆಲಕ್ಕಿಳಿಸಿದರು. ಅಷ್ಟರಲ್ಲಿ ಕೊಳವೆಯಲ್ಲಿದ್ದದ್ದು ಹಿಂದಕ್ಕೆ, ಮೈಯೊಳಕ್ಕೆ ಹರಿದಿತ್ತು.

ಮರುದಿನ ಮಾವನವರಿಗೆ ನಡುಕ ಬಂದು ಜ್ವರ ಏರಿತು. "ಬಾಟಲಿಯನ್ನು ಯಾರಾದರೂ ಮೇಲೆತ್ತಿದ್ದರಾ?" ಡಾಕ್ಟರ್ ಇಂಗ್ಲಿಷಿನಲ್ಲಿ ಕೇಳಿದರು. ಸಿಸ್ಟರ್ ಒಮ್ಮೆ ನನ್ನ ಮುಖ ನೋಡಿ, "ನಾನು ಗಮನಿಸಲಿಲ್ಲ ಸರ್, ತಪ್ಪು ನನ್ನದು" ಎಂದರು. ನನಗೆ ಇಂಗ್ಲಿಷ್ ಬರುತ್ತಿತ್ತು. ಆದರೂ ಬಾಗಿ ಮಾವನವರ ಹೊದಿಕೆ ಸರಿಮಾಡತೊಡಗಿದೆ.

ಆಮೇಲೆ ಅವರು ಕಾಣಲಿಲ್ಲ. ಕೊಚ್ಚಿಗೆ ಹೋದರಂತೆ. ಕಳಿಸಿದರೋ, ತಾವಾಗಿ ಹೋದರೋ... ಆಯಾ ಹೇಳಿದ್ದು ನನಗೆ ಅರ್ಧವೇ ಅರ್ಥವಾಯಿತು. ತಾಳೆ ಎಂದರೆ ಕೆಳಗೆ ಎಂದು ತಿಳಿದದ್ದು ಎರಡು ವಾರದ ಮೇಲೆ, ಪಕ್ಕದ ಮನೆಯಾಕೆ ಕಾಂಪೌಂಡ್ ಗೋಡೆ ಹತ್ತಿದ ಮಗಳನ್ನು ಗದರಿ ಇಳಿಸುವಾಗ.

ಮಾವನವರು ಗುಣವಾದರು. ಬದುಕಿರುವ ತನಕವೂ, "ಆ ನರ್ಸಮ್ಮನಿಗೆ ಒಂಚೂರೂ ಜವಾಬ್ದಾರಿ ಇರಲಿಲ್ಲ" ಅನ್ನುತ್ತಿದ್ದರು. ನಾನು ಇನ್ನೊಂದು ಸೌಟು ಸಾರು ಬಡಿಸುತ್ತಿದ್ದೆ. ಮುಂದೆ ನಮಗೂ ಕೊಚ್ಚಿಗೆ ವರ್ಗವಾದಾಗ ಹೋದ ಆಸ್ಪತ್ರೆಯಲ್ಲೆಲ್ಲ ನರ್ಸುಗಳ ಮುಖ ನೋಡುತ್ತಿದ್ದೆ. ಕಂಡಿದ್ದರೆ ಏನು ಹೇಳುತ್ತಿದ್ದೆನೋ...

ಕೊಳವೆ ನಾಲ್ಕು ದಿನ ಇದ್ದರೆ ಜ್ವರ ಹೇಗಿದ್ದರೂ ಬರಬಹುದಿತ್ತು ಎನ್ನುತ್ತಾಳೆ ಡಾಕ್ಟರಾದ ಮೊಮ್ಮಗಳು. ಇರಬಹುದು. ಆದರೆ ಆ ಸಿಸ್ಟರ್ ಯಾಕೆ ತಪ್ಪು ತಮ್ಮದೆಂದರು? ಈಗ ನನಗೆ ಮಲಯಾಳ ಚೆನ್ನಾಗಿ ಬರುತ್ತದೆ. ಕೇಳೋಣವೆಂದರೆ ನನಗಿಂತ ಇಪ್ಪತ್ತು ವರ್ಷಕ್ಕಾದರೂ ದೊಡ್ಡವರು. ಈಗ ಬದುಕಿರಲಿಕ್ಕಿಲ್ಲ.