ಅಂಗೈಯಲ್ಲಿ ತಿಳಿದ ಹಲ್ಲು

ಇಂಥ ಮಾತುಗಳನ್ನು ನಾನು ನಂಬಿದವಳಲ್ಲ. ನರೋಣಾದ ನಮ್ಮ ಓಣಿಯಲ್ಲಿ ಯಾರಿಗೋ ಏನೋ ಕಂಡಿತು, ಕೇಳಿಸಿತು ಎಂದು ಹೆಂಗಸರು ಹೇಳುವಾಗ ಎದ್ದು ಹೋಗಿ ಹಿಟ್ಟು ನಾದುತ್ತಿದ್ದೆ. ಅದಕ್ಕೇ ಮೊಮ್ಮಕ್ಕಳೇ, ಇದನ್ನು ಬರೆಯಲು ನನಗೆ ನಾಚಿಕೆ. ನಂಬಿರಿ ಎನ್ನುವುದಿಲ್ಲ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ನಿಮ್ಮ ಅಜ್ಜ ತೀರಿಕೊಂಡ ಮರುವರ್ಷ ನನ್ನ ಬಲಗಡೆಯ ಮೇಲಿನ ದವಡೆ ಹಲ್ಲು ಹುಳುಕಾಗಿ ಗಲ್ಲ ಬಾತಿತು. ಎಡಗಡೆಯ ದವಡೆ ಹಲ್ಲುಗಳನ್ನು ಹಿಂದೆಯೇ ಕೀಳಿಸಿಕೊಂಡಿದ್ದೆ. ಬಲಗಡೆ ಉಳಿದ ಇದೊಂದೂ ಹೋದರೆ ಅಗಿಯಲು ಏನೂ ಉಳಿಯುತ್ತಿರಲಿಲ್ಲ. ನನ್ನವ್ವ ನಲವತ್ತರೊಳಗೇ ಹಲ್ಲು ಕಳಕೊಂಡು, ಕೊನೆತನಕ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ನುಂಗಿದಳು. ಖಡಕ್ ರೊಟ್ಟಿ, ಶೇಂಗಾ ಕಂಡರೆ ಮುಖ ತಿರುಗಿಸುತ್ತಿದ್ದಳು. ನನಗೂ ಹಾಗಾದೀತೆಂಬ ಅಂಜಿಕೆಯಿಂದಲೇ ನಾದಿನಿ ನೀಲವ್ವನ ಜೊತೆ ಆಳಂದದ ಬಸ್ಸು ಹತ್ತಿದೆ.

ಅಲ್ಲಿಗೆ ಕಲಬುರ್ಗಿಯಿಂದ ವಾರಕ್ಕೊಮ್ಮೆ ಹಲ್ಲಿನ ಡಾಕ್ಟರಮ್ಮ ಒಬ್ಬರು ಬರುತ್ತಿದ್ದರು. ಸಣ್ಣ ವಯಸ್ಸು. ಹಲ್ಲು ಕೀಳುವುದು ಬೇಡ, ಬೇರಿನೊಳಗಿನ ದಾರಿಗಳನ್ನು ತೊಳೆದು ಉಳಿಸೋಣ ಎಂದರು. ಹಲ್ಲಿನೊಳಗೆ ದಾರಿ ಇರುತ್ತದೆಂದು ನಾನು ಕೇಳಿದ್ದು ಅವತ್ತೇ. ಕೂದಲೆಳೆಯಂಥ ಸೂಜಿಗಳನ್ನು ಬೆರಳ ತುದಿಯಲ್ಲಿ ತಿರುಗಿಸುತ್ತ ಒಳಗಿನ ಕೊಳೆ ಕೆರೆದು ತೆಗೆಯುವರು. ಬಾವಿಗೆ ಹಾಕುವ ಬ್ಲೀಚಿಂಗ್ ಪುಡಿಯ ವಾಸನೆಯ ನೀರನ್ನು ಸಿರಿಂಜಿನಿಂದ ಹನಿಹನಿಯಾಗಿ ಬಿಡುವರು. ಕೊನೆಗೆ ಬತ್ತಿಯಂಥ ಕಾಗದದ ಕಡ್ಡಿಯನ್ನು ಒಳಗಿಟ್ಟು ತೆಗೆದು, ಮುಖದ ಬಟ್ಟೆ ಸರಿಸಿ, ಮೂಸಿ ನೋಡುವರು. ನನ್ನ ಬಾಯಿಯ ಹೊಲಸನ್ನು ಹೆತ್ತವ್ವನೂ ಹಾಗೆ ಮೂಸುತ್ತಿರಲಿಲ್ಲ. ವಾಸನೆ ಹೋಗುವ ತನಕ ಹಲ್ಲು ಮುಚ್ಚಬಾರದಂತೆ. ಪ್ರತಿ ಸಲ ಔಷಧ ಇಟ್ಟು, ಮೇಲೆ ಲವಂಗದ ವಾಸನೆಯ ಹಿಟ್ಟು ಮೆತ್ತಿ ಕಳಿಸುತ್ತಿದ್ದರು.

ನನಗೆ ಮಾತು ಕಡಿಮೆ. "ನಮ್ಮ ವೈನಿ ಬಾಯಿ ತೆರಿಯೋದು ನಿಮ್ಮ ಕುರ್ಚಿಮ್ಯಾಗ ಅಷ್ಟ ನೋಡ್ರಿ," ಎಂದು ನೀಲವ್ವ ಅವರನ್ನು ನಗಿಸುತ್ತಿದ್ದಳು.

ವಾರಗಳು ಹೋದರೂ ವಾಸನೆ ಹೋಗಲಿಲ್ಲ. ಒಂದು ಮುಂಜಾನೆ ಡಾಕ್ಟರಮ್ಮ ಕಡ್ಡಿ ಮೂಸಿ ಕೆಳಗಿಟ್ಟರು. ಮೂರೂ ದಾರಿ ತೊಳೆದಾಗಿದೆ, ಹೊಲಸು ಎಲ್ಲಿಂದ ಬರುತ್ತದೋ ತಿಳಿಯುತ್ತಿಲ್ಲ, ಇನ್ನೊಮ್ಮೆ ತೊಳೆದು ನೋಡುತ್ತೇನೆ, ಆಗದಿದ್ದರೆ ಇವತ್ತೇ ಕೀಳಬೇಕು ಎಂದರು. ನನ್ನ ಕಣ್ಣು ತುಂಬಿದವು. ಅಂಜಿಕೆಯಾದಾಗ ಎಡ ಅಂಗೈಯನ್ನು ಎದೆಯ ಮುಂದೆ ಹಿಡಿಯುವುದು ನನ್ನ ರೂಢಿ. ದಿನಾ ಲಿಂಗ ಇಟ್ಟು ಪೂಜಿಸುವ ಕೈ ಅದು. ಕಣ್ಣು ಮುಚ್ಚಿ ಹಾಗೇ ಹಿಡಿದೆ.

ಹಲ್ಲಿನ ನರ ಸತ್ತಿತ್ತು, ನೀರು ಬಿಟ್ಟರೆ ಅದಕ್ಕೆ ಏನೂ ತಿಳಿಯುತ್ತಿರಲಿಲ್ಲ. ಆದರೆ ಅವತ್ತು ನನ್ನ ಬರಿ ಅಂಗೈ ತಣ್ಣಗಾಯಿತು. ಒಂದು ದಾರಿಗೆ ಬಿಟ್ಟಾಗ ಒಂದು ಕಡೆ, ಇನ್ನೊಂದಕ್ಕೆ ಬಿಟ್ಟಾಗ ಮತ್ತೊಂದು ಕಡೆ. ಮೂರು ಕಡೆ ತಣ್ಣಗಾಗಿ, ಒಂದರ ಪಕ್ಕಕ್ಕೆ ಹತ್ತಿದಂತೆ ಎಳ್ಳಿನಷ್ಟು ಜಾಗ ಮಾತ್ರ ಕೆಂಡ ಇಟ್ಟಂತೆ ಸುಡುತ್ತಿತ್ತು.

ತೊಳೆದಾದ ಮೇಲೂ ಕಡ್ಡಿ ನಾರುತ್ತಿತ್ತು. ಅವರು ಇಕ್ಕಳ ಎತ್ತಿಕೊಂಡರು. ನಾನು ಅವರ ಕೈ ಹಿಡಿದೆ.

"ಡಾಕ್ಟರಮ್ಮಾರ, ಇನ್ನೊಂದು ದಾರಿ ಉಳದದರಿ. ಇಲ್ಲಿ, ಇದರ ಬಾಜೂಕ ಸುಡಾಕತ್ತದರಿ," ಎಂದು ಅಂಗೈ ತೋರಿಸಿದೆ.

"ಹಲ್ಲಿನ ಮಾತಿಗೆ ಕೈ ತೋರಸ್ತೀರಲ್ಲ ವೈನಿ," ಎಂದಳು ನೀಲವ್ವ. ಅವಳಿಗೂ ಹೆದರಿಕೆಯಾಗಿತ್ತು.

ಡಾಕ್ಟರಮ್ಮ ನಗಲಿಲ್ಲ. ಇಕ್ಕಳ ಕೆಳಗಿಟ್ಟು, ನನ್ನ ಅಂಗೈಯನ್ನು ದೀಪಕ್ಕೆ ಹಿಡಿದು, "ಎಲ್ಲಿ ಸುಡಾಕತ್ತದ, ನೀವೇ ಬೆರಳಿಡ್ರಿ," ಎಂದರು. ಇಟ್ಟೆ. ನೀರು ಬಿಟ್ಟಾಗ ಮೊದಲು ಎಲ್ಲಿ, ಆಮೇಲೆ ಎಲ್ಲಿ, ಕೊನೆಗೆ ಎಲ್ಲಿ ತಣ್ಣಗಾಯಿತೆಂದೂ ತೋರಿಸಿದೆ. ಬಹಳ ಹೊತ್ತು ನೋಡಿದರು. ಆಮೇಲೆ ಎಲ್ಲಕ್ಕಿಂತ ಸಣ್ಣ ಸೂಜಿ ತೆಗೆದುಕೊಂಡು ಹಲ್ಲಿನ ಆ ಮೂಲೆಯಲ್ಲಿ ತಡಕಿದರು. ಅವರ ಹುಬ್ಬಿನಿಂದ ಬೆವರು ಇಳಿಯುತ್ತಿತ್ತು. ಸೂಜಿ ಒಮ್ಮೆಲೇ ಒಳಗಿಳಿಯಿತು. ನೀರು ಬಿಟ್ಟರು. ಅಂಗೈಯ ಉರಿ ಆರಿತು.

ಅಂಥ ಹಲ್ಲಿನಲ್ಲಿ ನಾಲ್ಕನೆಯ ದಾರಿಯೂ ಇರಬಹುದೆಂದು ಅವರು ಓದಿದ್ದರಂತೆ. ಎಕ್ಸರೇಯಲ್ಲಿ ಅದು ಇನ್ನೊಂದರ ಹಿಂದೆ ಅಡಗಿತ್ತು. ಮುಂದಿನ ವಾರ ಕಡ್ಡಿ ಮೂಸಿ, ನೀಲವ್ವನ ಮೂಗಿಗೂ ಹಿಡಿದರು. ವಾಸನೆ ಇರಲಿಲ್ಲ. ಹಲ್ಲು ಮುಚ್ಚುವ ಮುನ್ನ ಮತ್ತೊಮ್ಮೆ ನೀರು ಬಿಟ್ಟು ನನ್ನ ಮುಖ ನೋಡಿದರು. ನಾನು ಅಂಗೈ ಚಾಚಿದ್ದೆ. ಏನೂ ಆಗಲಿಲ್ಲ. ಆಮೇಲೆ ಎಂದೂ ಆಗಿಲ್ಲ.

ಕೈಯಲ್ಲಿಟ್ಟು ಪೂಜಿಸಿದ ಲಿಂಗಯ್ಯನ ಕರುಣೆ ಎಂದಳು ನೀಲವ್ವ. ಡಾಕ್ಟರಮ್ಮ ನರಗಳ ವಿಷಯ ಏನೋ ಹೇಳಲು ಹೋಗಿ ಅರ್ಧಕ್ಕೇ ಬಿಟ್ಟರು. ಆ ಹಲ್ಲು ಇನ್ನೂ ನನ್ನ ಬಾಯಲ್ಲಿದೆ. ಅಂಗೈಗೆ ಹೇಗೆ ತಿಳಿಯಿತೋ ನಾನರಿಯೆ. ನಾನೇ ನಂಬಲಾಗದ ಮಾತನ್ನು ಆ ಡಾಕ್ಟರಮ್ಮ ಹೇಗೆ ನಂಬಿದರೋ, ಅದನ್ನೂ ಅರಿಯೆ.