ಮೇಲಿನ ಮನೆ ಕಾಕುವಿನ ಒಡಪು

ಬೆಳಿಗ್ಗೆ ಸೊಸೆ ಎಳ್ಳು ಹುರಿಯುತ್ತಿದ್ದಳು. ಆ ವಾಸನೆ ಮೂಗಿಗೆ ಬಡಿದದ್ದೇ ಮೇಲಿನ ಮನೆಯ ಕಾಕು ನೆನಪಾದರು. ಯಜಮಾನರು ಹೋದ ಮೇಲೆ ಇದು ನನಗೆ ಮೊದಲ ಸಂಕ್ರಾಂತಿ. ಸಂಜೆ ಅರಿಶಿನ-ಕುಂಕುಮಕ್ಕೆ ಹೆಂಗಸರು ಬಂದಾಗ ನಾನು ಪಡಸಾಲೆಯಲ್ಲಿ ಕೂಡಬೇಕೋ ಒಳಗಿನ ಕೋಣೆಯಲ್ಲೋ, ಮನೆಯಲ್ಲಿ ಯಾರೂ ಬಾಯಿಬಿಟ್ಟು ಕೇಳಿರಲಿಲ್ಲ.

ನಾನು ಹೊಸ ಸೊಸೆಯಾಗಿ ನಾಸಿಕಕ್ಕೆ ಬಂದಾಗ ಎಲ್ಲರೂ ಚಿಕ್ಕಮ್ಮ ಎಂಬ ಅರ್ಥದಲ್ಲಿ ಕಾಕು ಎಂದು ಕರೆಯುತ್ತಿದ್ದ ಬಾಗಲಕೋಟೆ ಕಡೆಯ ಇವರು ನಮ್ಮ ಮೇಲಿನ ಮನೆಯಲ್ಲಿದ್ದರು. ಇಬ್ಬರ ಗಂಡಂದಿರೂ ಬ್ಯಾಂಕಿನವರು. ಗಂಡನ ಹೆಸರನ್ನು ಪ್ರಾಸದೊಳಗೆ ಅಡಗಿಸಿ ಒಡಪು ಹೇಳುವುದು ಕಾಕುಗೆ ನೀರು ಕುಡಿದಷ್ಟು ಸಲೀಸು. ಮರಾಠಿ ಹೆಂಗಸರೂ ತಮ್ಮ ಭಾಷೆಯ ಒಡಪು, ಉಖಾಣೆ, ಕಟ್ಟಿಸಿಕೊಳ್ಳಲು ಅವರನ್ನೇ ಹಿಡಿಯುತ್ತಿದ್ದರು.

"ಬೆಳ್ಳಿ ಬಟ್ಟಲದಾಗ ಕೇಸರಿ ಹಾಲು, … ರಾಯರು ಸಿಕ್ಕಿದ್ದು ನನ್ನ ಪುಣ್ಯದ ಪಾಲು."

ಆಗೆಲ್ಲ ಬರೀ ಬೆಳ್ಳಿ, ಬಂಗಾರ. ಮನೆಯಲ್ಲಿದ್ದದ್ದು ಮಾತ್ರ ಸ್ಟೀಲು.

ಮಕ್ಕಳು ದೊಡ್ಡವರಾಗುತ್ತ ಬಂದಂತೆ ಬೆಳ್ಳಿ ಬಟ್ಟಲು ಮಾಯವಾಯಿತು. "ನಳದಾಗ ನೀರಿಲ್ಲ, ಡಬ್ಬಿಯಾಗ ಎಣ್ಣಿಲ್ಲ, … ರಾಯರಿಗೆ ಪೇಪರ ಬಿಟ್ಟು ಬ್ಯಾರೆ ಕಡೆ ಕಣ್ಣಿಲ್ಲ." ನಾವು ಬಿದ್ದು ಬಿದ್ದು ನಗುತ್ತಿದ್ದೆವು. ರಾಯರು ಒಳಗಿನಿಂದ ಸುಮ್ಮನೆ ಕೆಮ್ಮುತ್ತಿದ್ದರು.

ಆಮೇಲೆ ವರ್ಗಾವರ್ಗಿ… ಸಂಭಾಜಿನಗರದಲ್ಲಿ ಮತ್ತೆ ಸಿಕ್ಕಾಗ ಕಾಕುವಿನ ತಲೆ ಪೂರ್ತಿ ಬೆಳ್ಳಗಾಗಿತ್ತು, ರಾಯರು ತೀರಿಕೊಂಡಿದ್ದರು. ಸಂಕ್ರಾಂತಿಗೆ ನಮ್ಮ ಮನೆಗೆ ಬಂದವರೇ ನೇರ ಚಾಪೆಯ ನಡುವೆ ಕೂತರು. ಒಡಪು ಹೇಳುವ ಸರದಿ ಅವರೊಬ್ಬರನ್ನು ಬಿಟ್ಟು ಮುಂದಕ್ಕೆ ಹೋಯಿತು. ಕಾಕು ಕೈ ಎತ್ತಿ ತಡೆದರು.

"ನಂದಿನ್ನೂ ಆಗಿಲ್ಲರಿ."

ರಾಯರ ಹೆಸರನ್ನು ಮೊದಲೇ, ಬಿಡಿಸಿ ಹೇಳಿದರು. ಆಮೇಲೆ ಇಷ್ಟೇ: "ಆವಾಗ ಹೆಸರು ಹೇಳಾಕ ಒಡಪು ಬೇಕಾಗಿತ್ತು. ಈಗ ಆ ಹೆಸರೇ ನನ್ನ ಒಡಪು."

ಪ್ರಾಸವಿಲ್ಲ, ಬಟ್ಟಲಿಲ್ಲ, ನಗೆಚಾಟಿಕೆಯೂ ಇಲ್ಲ. ಒಂದೊಂದೇ ಒಡವೆ ತೆಗೆದಿಡುವವರ ಹಾಗೆ ಅವರ ಮಾತು ಅಲ್ಲಿಗೆ ಬಂದು ನಿಂತಿತ್ತು. ಅದಕ್ಕಿಂತ ಒಳ್ಳೆಯ ಒಡಪನ್ನು ನಾನು ಕೇಳಿಲ್ಲ. ಒಬ್ಬಾಕೆ ಎದ್ದು ಅವರ ಕೈಗೆ ಎಳ್ಳು-ಬೆಲ್ಲ ಕೊಟ್ಟಳು.

ಕಾಕು ಈಗಿಲ್ಲ. ಅವರು ಕಟ್ಟಿದ್ದನ್ನು ಯಾರೂ ಬರೆದಿಡಲಿಲ್ಲ, ಅರ್ಧಕ್ಕರ್ಧ ನನಗೂ ಮರೆತಿದೆ.

ಸಂಜೆ ಹೆಂಗಸರು ಬಂದರು. ಸೊಸೆ ನನ್ನ ಮುಖ ನೋಡಿದಳು. ನಾನು ಹೋಗಿ ಚಾಪೆಯ ನಡುವೆ ಕೂತೆ. ಸರದಿ ನನ್ನ ಹತ್ತಿರ ಬಂದು ತಡವರಿಸಿ, ಪಕ್ಕದವಳ ಕಡೆ ಹೊರಳಿತು.

"ನಂದಿನ್ನೂ ಆಗಿಲ್ಲರಿ," ಎಂದೆ. ಆಮೇಲೆ ಯಜಮಾನರ ಹೆಸರು ಹೇಳಿದೆ.